ಕ್ರೈಸ್ತರ ಪುನರುತ್ಥಾನ ನಿರೀಕ್ಷೆಯೂ ನೆರೆಯ ಮತಗಳೂ

ನಮ್ಮ ಗಡಿನಾಡಿನ ದೊಡ್ಡ ಊರೊಂದರ ಹೊರವಲಯವನ್ನು ಸುತ್ತಿ ಬಂದರೆ, ಮರಣವನ್ನು ಕುರಿತು ಮನುಷ್ಯನು ತಳೆದಿರುವ ನಂಬಿಕೆಗಳೆಲ್ಲ ಒಂದೆಡೆ ಕಣ್ಣಿಗೆ ಬೀಳುವುದುಂಟು. ಹಳ್ಳದ ದಂಡೆಯಲ್ಲಿ ಸುಡುಗಾಡು. ಅದರಾಚೆ ಲಿಂಗವಂತರು ಶರೀರವನ್ನು ಕುಳ್ಳಿರಿಸಿ ಮಣ್ಣು ಕೊಡುವ ರುದ್ರಭೂಮಿ. ಬೇವಿನ ಮರಗಳ ಕೆಳಗೆ ಮುಸಲ್ಮಾನರ ಖಬರಸ್ತಾನ. ಹೊಲದ ಬದುವಿನಲ್ಲಿ ವೀರಗಲ್ಲು. ಅದರ ಕೆಳಪಟ್ಟಿಕೆಯಲ್ಲಿ ಕಾದಾಡಿ ಮಡಿದ ವೀರನನ್ನು ನಡುಪಟ್ಟಿಕೆಯಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲುಪಟ್ಟಿಕೆಯಲ್ಲಿ ಅವನು ಶಿವನ ಸನ್ನಿಧಿಯಲ್ಲಿದ್ದಾನೆ. ಇವುಗಳ ನಡುವೆ ಶಿಲುಬೆಯ ಗುರುತುಳ್ಳ ಕ್ರೈಸ್ತರ ಸಮಾಧಿಗಳು. ಒಂದೇ ಮಣ್ಣು; ಆದರೆ ಆ ಮಣ್ಣಿಗೆ ಒಪ್ಪಿಸಿದ ದೇಹದ ಮುಂದಿನ ಗತಿಯೇನು ಎಂಬ ಪ್ರಶ್ನೆಗೆ ಉತ್ತರಗಳು ಹಲವು.

ಈ ಉತ್ತರಗಳಲ್ಲಿ ಕ್ರೈಸ್ತರದು ನಮ್ಮಲ್ಲಿ ಹೆಚ್ಚಾಗಿ ತಪ್ಪು ತಿಳಿವಿಗೆ ಗುರಿಯಾದದ್ದು. ಪುನರುತ್ಥಾನವೆಂದರೆ ಪುನರ್ಜನ್ಮವೇ ಎಂದು ಕೆಲವರು ತಿಳಿಯುತ್ತಾರೆ. ಆತ್ಮವು ಅಮರವೆಂಬ ಮಾತಿಗೆ ಅದು ಇನ್ನೊಂದು ಹೆಸರೆಂದು ಮತ್ತೆ ಕೆಲವರು ಭಾವಿಸುತ್ತಾರೆ. ಇವೆರಡೂ ಸರಿಯಲ್ಲ. ಈ ನಂಬಿಕೆಯು ಎಲ್ಲಿ ಹುಟ್ಟಿತು, ಯಾವ ಮತಗಳ ಎದುರಿನಲ್ಲಿ ಬೆಳೆಯಿತು, ಅದನ್ನು ಒಪ್ಪದವರು ಏನೆಂದರು, ಕೊನೆಗೆ ನಮ್ಮ ನುಡಿಗೆ ಅದು ಹೇಗೆ ಬಂದಿತು ಎಂಬುದನ್ನು ಇತಿಹಾಸದ ಕ್ರಮದಲ್ಲಿ ನೋಡುವುದಷ್ಟೇ ಈ ಲೇಖನದ ಉದ್ದೇಶ. ಯಾವುದು ನಿಜವೆಂದು ತೀರ್ಪು ಕೊಡುವುದು ಇತಿಹಾಸಕಾರನ ಕೆಲಸವಲ್ಲ. ಆ ಭಾರವನ್ನು ನಾವು ಹೊತ್ತುಕೊಳ್ಳುವುದಿಲ್ಲ.

ಯೆಹೂದ್ಯರಲ್ಲಿ ನಂಬಿಕೆಯ ಉದಯ

ಈ ನಿರೀಕ್ಷೆಯು ಕ್ರೈಸ್ತರಿಗಿಂತ ಹಿಂದಿನದು. ಆದರೆ ಯೆಹೂದ್ಯ ಧರ್ಮದ ಅತಿ ಪ್ರಾಚೀನ ಭಾಗದಲ್ಲಿ ಅದು ಸ್ಪಷ್ಟವಾಗಿ ಕಾಣುವುದಿಲ್ಲ. ಹಳೆಯ ಹೀಬ್ರೂ ಗ್ರಂಥಗಳಲ್ಲಿ ಸತ್ತವರು ಷೆಯೋಲ್ ಎಂಬ ಕತ್ತಲೆಯ ಪಾತಾಳಕ್ಕೆ ಇಳಿಯುತ್ತಾರೆ. ಅಲ್ಲಿ ಸುಖವೂ ಇಲ್ಲ, ಶಿಕ್ಷೆಯೂ ಇಲ್ಲ. ನೆರಳಿನಂಥ ಇರವು ಮಾತ್ರ. ದೇವರ ಆಶೀರ್ವಾದವೆಂದರೆ ಈ ಲೋಕದಲ್ಲಿಯೇ ದೀರ್ಘಾಯುಷ್ಯ, ಮಕ್ಕಳುಮರಿ, ಹೊಲದ ಬೆಳೆ.

ಈ ಲೆಕ್ಕಾಚಾರವು ಕ್ರಿ. ಪೂ. 167ರ ಸುಮಾರಿಗೆ ಮುರಿದು ಬಿದ್ದಿತು. ಸಿರಿಯದ ಅರಸ ನಾಲ್ಕನೆಯ ಆಂಟಿಯೋಕಸನು ಯೆಹೂದ್ಯರ ಆಚಾರಗಳನ್ನು ನಿಷೇಧಿಸಿ, ಯೆರೂಸಲೇಮಿನ ದೇವಾಲಯದಲ್ಲಿ ಪರದೇವತೆಯ ಪೂಜೆಯನ್ನು ನಡೆಸಿದನು. ಧರ್ಮಶಾಸ್ತ್ರವನ್ನು ಬಿಡದವರು ಪ್ರಾಣ ಕಳೆದುಕೊಂಡರು, ಬಿಟ್ಟವರು ಬದುಕಿದರು. ನೀತಿವಂತನಿಗೆ ದೀರ್ಘಾಯುಷ್ಯವೆಂಬ ಮಾತು ಇನ್ನು ನಿಲ್ಲುವುದೆಂತು? ದೇವರಿಗಾಗಿಯೇ ಸತ್ತವನಿಗೆ ದೇವರು ಕೊಡುವುದೇನು? ಬಹುಮಂದಿ ವಿದ್ವಾಂಸರು ಇದೇ ಕಾಲದ್ದೆಂದು ಹೇಳುವ ದಾನಿಯೇಲನ ಗ್ರಂಥದ ಕೊನೆಯ ಅಧ್ಯಾಯದಲ್ಲಿ, ಮಣ್ಣಿನಲ್ಲಿ ನಿದ್ರಿಸುವ ಅನೇಕರು ಎಚ್ಚತ್ತು, ಕೆಲವರು ನಿತ್ಯಜೀವಕ್ಕೂ ಕೆಲವರು ನಿತ್ಯನಿಂದೆಗೂ ಗುರಿಯಾಗುವರೆಂಬ ಮಾತು ಬರುತ್ತದೆ. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಏಳು ಮಂದಿ ಅಣ್ಣತಮ್ಮಂದಿರು ತಾಯಿಯ ಕಣ್ಣೆದುರಿಗೆ ಹಿಂಸೆಯಿಂದ ಸಾಯುತ್ತಾರೆ. ಅವರಲ್ಲೊಬ್ಬನು ಕತ್ತರಿಸಲು ಕೈಗಳನ್ನು ಚಾಚಿ, ಕೊಟ್ಟ ದೇವರಿಂದಲೇ ಇವುಗಳನ್ನು ಮರಳಿ ಪಡೆಯುವೆನೆನ್ನುತ್ತಾನೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪುನರುತ್ಥಾನದ ನಂಬಿಕೆಯ ಬೇರು ಸಾವಿನ ಭಯದಲ್ಲಿ ಇದ್ದುದಕ್ಕಿಂತ ಹೆಚ್ಚಾಗಿ ನ್ಯಾಯದ ಪ್ರಶ್ನೆಯಲ್ಲಿದೆ. ಸಜ್ಜನನು ಏಕೆ ನೊಂದು ಸಾಯುತ್ತಾನೆ ಎಂಬ ಪ್ರಶ್ನೆಗೆ ನಮ್ಮ ನಾಡಿನ ದರ್ಶನಗಳು ಕರ್ಮ ಮತ್ತು ಜನ್ಮಾಂತರಗಳ ಮೂಲಕ ಸಮಾಧಾನ ಹೇಳಿದುವು. ಅದೇ ಪ್ರಶ್ನೆಗೆ ಯೆಹೂದ್ಯರು, ಒಂದೇ ಬಾಳನ್ನು ಬಾಳಿದ ಅದೇ ಮನುಷ್ಯನನ್ನು ದೇವರು ಎಬ್ಬಿಸಿ ನ್ಯಾಯ ದೊರಕಿಸುವನೆಂದು ಉತ್ತರಿಸಿದರು. ಪಾರಸಿಕರ ಜರತುಷ್ಟ್ರ ಧರ್ಮದಲ್ಲಿಯೂ ಲೋಕವು ನವೀಕೃತವಾಗಿ ಸತ್ತವರು ಏಳುವರೆಂಬ ನಂಬಿಕೆಯಿದೆ. ಯೆಹೂದ್ಯರು ಬಹುಕಾಲ ಪಾರಸಿಕ ಸಾಮ್ರಾಜ್ಯದಲ್ಲಿದ್ದವರಾದುದರಿಂದ ಅಲ್ಲಿನ ಪ್ರಭಾವ ಎಷ್ಟೆಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ.

ಯೆಹೂದ್ಯರೆಲ್ಲರೂ ಇದನ್ನು ಒಪ್ಪಿದರೆಂದಲ್ಲ. ದೇವಾಲಯದ ಯಾಜಕ ಮನೆತನಗಳಿಗೆ ಸೇರಿದ ಸದ್ದುಕಾಯರು ಪುನರುತ್ಥಾನವನ್ನು ಅಲ್ಲಗಳೆದರು, ಫರಿಸಾಯರು ಎತ್ತಿಹಿಡಿದರು. ಈ ಭೇದವನ್ನು ಹೊಸ ಒಡಂಬಡಿಕೆಯೂ ಯೆಹೂದ್ಯ ಇತಿಹಾಸಕಾರ ಜೋಸೀಫಸನೂ ಹೇಳುತ್ತಾರೆ. ಏಳು ಮಂದಿ ಸಹೋದರರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾದ ಹೆಂಗಸು ಪುನರುತ್ಥಾನದಲ್ಲಿ ಯಾರ ಹೆಂಡತಿಯಾಗುವಳೆಂದು ಸದ್ದುಕಾಯರು ಯೇಸುವನ್ನು ಕೇಳಿದುದು ಈ ವಾದದ ಭಾಗವೇ. ಯೇಸು ಈ ಒಂದು ವಿಷಯದಲ್ಲಿ ಫರಿಸಾಯರ ಪಕ್ಷದಲ್ಲಿ ನಿಂತನು. ಕ್ರಿ. ಶ. 70ರಲ್ಲಿ ದೇವಾಲಯವು ನಾಶವಾದ ಮೇಲೆ ಸದ್ದುಕಾಯರು ಮರೆಯಾದರು. ಕ್ರಿ. ಶ. 200ರ ಸುಮಾರಿಗೆ ಸಂಗ್ರಹವಾದ ಮಿಷ್ನಾ ಗ್ರಂಥದಲ್ಲಿ, ಸತ್ತವರ ಪುನರುಜ್ಜೀವನವನ್ನು ನಿರಾಕರಿಸುವವನಿಗೆ ಬರಲಿರುವ ಲೋಕದಲ್ಲಿ ಪಾಲಿಲ್ಲವೆಂಬ ನಿಯಮವೇ ಸೇರಿತು.

ಅಥೇನೆಯ ನಗೆ, ಕೊರಿಂಥದ ಸಂದೇಹ

ಕ್ರೈಸ್ತರು ಯೆಹೂದ್ಯರಿಂದ ಬೇರೆಯಾದದ್ದು ಒಂದು ಅಂಶದಲ್ಲಿ. ಯುಗಾಂತ್ಯದಲ್ಲಿ ನಡೆಯಬೇಕಾದುದು ಯೇಸುವೆಂಬ ಒಬ್ಬ ವ್ಯಕ್ತಿಯಲ್ಲಿ ಈಗಾಗಲೇ ಆರಂಭವಾಗಿದೆಯೆಂದು ಅವರು ಸಾರಿದರು. ಈ ವಾರ್ತೆಯು ಗ್ರೀಕರ ಪಟ್ಟಣಗಳನ್ನು ಮುಟ್ಟಿದಾಗ ಅದನ್ನು ಎದುರುಗೊಂಡುದು ಬೇರೊಂದು ಚಿಂತನೆ. ಕ್ರಿ. ಪೂ. 399ರಲ್ಲಿ ವಿಷ ಕುಡಿದು ಸತ್ತ ಸಾಕ್ರಟೀಸನ ಕೊನೆಯ ದಿನವನ್ನು ವರ್ಣಿಸುವ ಪ್ಲೇಟೋವಿನ 'ಫೀಡೋ' ಸಂವಾದದಲ್ಲಿ ಮರಣವೆಂದರೆ ಆತ್ಮಕ್ಕೆ ಶರೀರದಿಂದ ದೊರೆಯುವ ಬಿಡುಗಡೆ. ಸೆರೆಯಿಂದ ಬಿಡುಗಡೆಯಾದವನು ಮತ್ತೆ ಸೆರೆಮನೆಯನ್ನೇಕೆ ಬಯಸಿಯಾನು? ಎಪಿಕ್ಯೂರಸನ ಅನುಯಾಯಿಗಳಿಗಾದರೋ ಆತ್ಮವೂ ಅಣುಗಳ ಕೂಟವೇ. ಸತ್ತ ಮೇಲೆ ಅನುಭವಿಸುವವನೇ ಇಲ್ಲವಾದುದರಿಂದ ಭಯಕ್ಕೂ ಎಡೆಯಿಲ್ಲ, ಆಸೆಗೂ ಎಡೆಯಿಲ್ಲ. ನಾನು ಇರಲಿಲ್ಲ, ಇದ್ದೆ, ಈಗ ಇಲ್ಲ, ಅದರ ಚಿಂತೆಯೂ ಇಲ್ಲ ಎಂಬರ್ಥದ ಒಕ್ಕಣೆಯನ್ನು ಎಷ್ಟೋ ಮಂದಿ ರೋಮನರು ತಮ್ಮ ಗೋರಿಗಳ ಮೇಲೆ ಕೆತ್ತಿಸಿದರು.

ಅಥೇನೆಯಲ್ಲಿ ಪೌಲನು ಎಪಿಕ್ಯೂರಿಯನರ ಮತ್ತು ಸ್ತೋಯಿಕರ ಎದುರಿಗೆ ಮಾತನಾಡಿದ ಪ್ರಸಂಗವು ಅಪೊಸ್ತಲರ ಕೃತ್ಯಗಳೆಂಬ ಗ್ರಂಥದ 17ನೆಯ ಅಧ್ಯಾಯದಲ್ಲಿದೆ. ಅವನು ಗ್ರೀಕ್ ಕವಿಗಳ ಮಾತನ್ನೇ ಎತ್ತಿ ಆಡುವವರೆಗೆ ಸಭೆಯು ತಾಳ್ಮೆಯಿಂದ ಕೇಳಿತು. ಸತ್ತವರು ಏಳುವರೆಂದೊಡನೆ ಕೆಲವರು ನಕ್ಕರು. ಇನ್ನು ಕೆಲವರು ಮತ್ತೊಮ್ಮೆ ಕೇಳುವೆವೆಂದರು. ಕೆಲವರು ಮಾತ್ರ ನಂಬಿದರು. ಗ್ರೀಕಿನಲ್ಲಿ ಪುನರುತ್ಥಾನಕ್ಕೆ 'ಅನಸ್ತಾಸಿಸ್' ಎಂದು ಹೆಸರು. ಪೌಲನು ಪರದೇವತೆಗಳನ್ನು ಸಾರುತ್ತಾನೆಂದು ಅಲ್ಲಿನವರು ಆಡಿಕೊಂಡುದಕ್ಕೆ ಹಳೆಯ ವ್ಯಾಖ್ಯಾನಕಾರರು ಒಂದು ಕಾರಣ ಕೊಡುತ್ತಾರೆ: ಅನಸ್ತಾಸಿಸ್ ಎಂಬುದನ್ನು ಯೇಸುವಿನ ಜೊತೆಗಾತಿಯಾದ ಒಬ್ಬ ದೇವಿಯ ಹೆಸರೆಂದು ಅವರು ತಿಳಿದರಂತೆ! ಒಂದು ಮತದ ಪದವು ಇನ್ನೊಂದು ಮತದ ಕಿವಿಗೆ ಹೇಗೆ ಕೇಳಿಸುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಅಥೇನೆಯಿಂದ ಪೌಲನು ಕೊರಿಂಥಕ್ಕೆ ಹೋದನು. ಅಲ್ಲಿ ಅವನನ್ನು ವಿಚಾರಣೆಗೆ ನಿಲ್ಲಿಸಿದ ಅಧಿಪತಿ ಗಲ್ಲಿಯೋನನ ಹೆಸರು ಡೆಲ್ಫಿಯ ಶಾಸನವೊಂದರಲ್ಲಿ ದೊರೆತುದರಿಂದ, ಅವನ ಅಧಿಕಾರಾವಧಿಯು ಕ್ರಿ. ಶ. 51–52ರ ಸುಮಾರಿನದೆಂದು ನಿಶ್ಚಯಿಸಲು ಸಾಧ್ಯವಾಗಿದೆ. ಪೌಲನ ಜೀವನದ ಕಾಲಗಣನೆಗೆ ಇದೇ ಗಟ್ಟಿಯಾದ ಆಧಾರ. ಕೆಲವು ವರ್ಷಗಳ ಮೇಲೆ ಅದೇ ಊರಿನ ಸಭೆಗೆ ಅವನು ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯವು ಈ ವಿಷಯದಲ್ಲಿ ಕ್ರೈಸ್ತರ ಮೂಲಗ್ರಂಥವೆನ್ನಬಹುದು. ಅದು ಹೊರಗಿನವರಿಗೆ ಕೊಟ್ಟ ಉತ್ತರವಲ್ಲ. ಕ್ರಿಸ್ತನನ್ನು ನಂಬಿದ್ದ ಕೊರಿಂಥದವರಲ್ಲಿಯೇ ಕೆಲವರು ಸತ್ತವರ ಪುನರುತ್ಥಾನವೆಂಬುದೇ ಇಲ್ಲವೆನ್ನುತ್ತಿದ್ದರು. ಯಾವ ದೇಹದಿಂದ ಏಳುತ್ತಾರೆ ಎಂಬುದು ಅವರ ಪ್ರಶ್ನೆ. ಪೌಲನು ಒಕ್ಕಲಿಗನ ದೃಷ್ಟಾಂತವನ್ನು ಹಿಡಿದನು: ಬಿತ್ತುವುದು ಬರಿಯ ಕಾಳು, ಏಳುವುದು ಪೈರು. ಕಾಳು ಮತ್ತು ಪೈರು ನೋಡಲು ಒಂದೇ ಅಲ್ಲ; ಆದರೂ ಬೇರೆ ಬೇರೆ ಅಲ್ಲ. ಅಂತೆಯೇ ಏಳುವ ದೇಹವು ಹೂಳಿದ ಶವದ ಮರುಚಾಲನೆಯೂ ಅಲ್ಲ, ದೇಹವನ್ನು ಕಳಚಿದ ಆತ್ಮವೂ ಅಲ್ಲ.

ಭಗವದ್ಗೀತೆಯಲ್ಲಿ ದೇಹಿಯು ಹಳೆಯ ಬಟ್ಟೆಯನ್ನು ತೆಗೆದಿಟ್ಟು ಹೊಸದನ್ನು ಉಡುವ ಉಪಮೆಯು ನಮ್ಮ ವಾಚಕರಿಗೆಲ್ಲ ಪರಿಚಿತವಾದದ್ದು. ಪೌಲನೂ ಬಟ್ಟೆಯ ಉಪಮೆಯನ್ನೇ ಬಳಸಿದನು. ಆದರೆ ಉಪಮೆ ಒಂದಾದರೂ ಅರ್ಥ ಬೇರೆ. ಗೀತೆಯಲ್ಲಿ ಬಟ್ಟೆಯು ಬದಲಾಗುತ್ತದೆ, ಉಡುವವನು ಅದರಿಂದ ಬೇರೆಯಾಗಿಯೇ ಇದ್ದಾನೆ. ಪೌಲನ ಪತ್ರಗಳಲ್ಲಿಯಾದರೋ ಅಳಿಯುವ ದೇಹವೇ ಅಳಿವಿಲ್ಲದುದನ್ನು ತೊಟ್ಟುಕೊಳ್ಳುತ್ತದೆ. ಬಟ್ಟೆ ಕಳಚಿ ಬತ್ತಲೆ ನಿಲ್ಲುವುದನ್ನು ತಾನು ಬಯಸುವುದಿಲ್ಲ, ಮೇಲೊಂದು ಉಡುಪನ್ನು ಬಯಸುತ್ತೇನೆ ಎಂಬುದು ಅವನ ಭಾವ. ಪುನರ್ಜನ್ಮಕ್ಕೂ ಪುನರುತ್ಥಾನಕ್ಕೂ ಇರುವ ಅಂತರವನ್ನು ತಿಳಿಯಲು ಈ ಎರಡು ಬಟ್ಟೆಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಸಾಕು.

ರೋನ್ ನದಿಗೆ ಚೆಲ್ಲಿದ ಬೂದಿ

ಎರಡನೆಯ ಶತಮಾನದಲ್ಲಿ ಈ ಮತಭೇದವು ರಕ್ತಪಾತಕ್ಕೂ ಕಾರಣವಾಯಿತು. ಕ್ರಿ. ಶ. 177ರಲ್ಲಿ, ಸ್ವತಃ ಸ್ತೋಯಿಕ ತತ್ತ್ವಜ್ಞಾನಿಯಾಗಿದ್ದ ಚಕ್ರವರ್ತಿ ಮಾರ್ಕಸ್ ಔರೇಲಿಯಸನ ಕಾಲದಲ್ಲಿ, ಗಾಲ್ ದೇಶದ ಲಿಯೋನ್ ಪಟ್ಟಣದ ಕ್ರೈಸ್ತರು ಜನರ ರೋಷಕ್ಕೂ ಅಧಿಕಾರಿಗಳ ಶಿಕ್ಷೆಗೂ ಗುರಿಯಾದರು. ತೊಂಬತ್ತು ದಾಟಿದ್ದ ಬಿಷಪ್ ಪೊಥೀನಸನು ಸೆರೆಯಲ್ಲಿ ಸತ್ತನು. ಬ್ಲಾಂಡಿನಾ ಎಂಬ ದಾಸಿಯು ಎಲ್ಲರಿಗಿಂತ ಹೆಚ್ಚಿನ ಹಿಂಸೆಯನ್ನು ತಾಳಿ ರಂಗಸ್ಥಳದಲ್ಲಿ ಪ್ರಾಣ ಬಿಟ್ಟಳು. ಉಳಿದವರು ಏಷ್ಯ ಮತ್ತು ಫ್ರಿಗಿಯದ ಸಭೆಗಳಿಗೆ ಬರೆದ ಕಾಗದವನ್ನು ಯುಸೇಬಿಯಸನು ತನ್ನ ಸಭಾಚರಿತ್ರೆಯ ಐದನೆಯ ಪುಸ್ತಕದಲ್ಲಿ ಕಾಪಾಡಿದ್ದಾನೆ. ಅದರಂತೆ, ಶವಗಳನ್ನು ಆರು ದಿನ ಬಯಲಿನಲ್ಲಿಟ್ಟು, ಬಂಧುಗಳಿಗೆ ಕೊಡದೆ, ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿದರು. ಹೀಗೆ ಮಾಡಿದರೆ ಇವರಿಗೆ ಏಳುವ ಆಸೆಯೇ ಉಳಿಯದು. ಆ ಆಸೆಯಿಂದಲ್ಲವೇ ಇವರು ಸಾವಿಗೆ ಅಂಜದಿರುವುದು ಎಂಬುದು ಹಿಂಸಕರ ಯೋಚನೆಯಾಗಿತ್ತು.

ಹಿಂಸಕರು ಕ್ರೈಸ್ತರ ನಂಬಿಕೆಯನ್ನು ಚೆನ್ನಾಗಿಯೇ ಗುರುತಿಸಿದ್ದರು. ಆದರೆ ಅದರ ತಳಹದಿಯನ್ನು ಅರಿಯಲಿಲ್ಲ. ಹೆಣದ ರಕ್ಷಣೆಯ ಮೇಲೆ ಆ ನಿರೀಕ್ಷೆ ನಿಂತಿರಲಿಲ್ಲ. ಇದನ್ನು ತಿಳಿಯಲು ಮಿನೂಕಿಯಸ್ ಫೆಲಿಕ್ಸನ 'ಒಕ್ಟೇವಿಯಸ್' ಎಂಬ ಲ್ಯಾಟಿನ್ ಸಂವಾದವನ್ನು ನೋಡಬೇಕು. ಅದರಲ್ಲಿ ಹಳೆಯ ಮತದ ಕೇಸೀಲಿಯಸನೂ ಕ್ರೈಸ್ತನಾದ ಒಕ್ಟೇವಿಯಸನೂ ಸ್ನೇಹಿತರು. ಸಮುದ್ರತೀರದಲ್ಲಿ ಕುಳಿತು ವಾದ ಮಾಡುತ್ತಾರೆ. ಸುಡುವುದಕ್ಕೆ ನೀವು ಹೆದರುತ್ತೀರೆಂಬ ಆಕ್ಷೇಪಕ್ಕೆ ಒಕ್ಟೇವಿಯಸನು, ಸುಟ್ಟರೆ ನಮಗೇನೂ ನಷ್ಟವಿಲ್ಲ, ಹೂಳುವುದು ಹಳೆಯ ಮತ್ತು ಒಳ್ಳೆಯ ವಾಡಿಕೆಯಾದ್ದರಿಂದ ಅನುಸರಿಸುತ್ತೇವೆ ಎಂದನು. ಈ ಉತ್ತರವನ್ನು ಮುಂದಿನ ಕಾಲದವರು ಎಷ್ಟೋ ಸಲ ಮರೆತರು. ರೋಮನ್ ಕಥೋಲಿಕ ಸಭೆಯು 1886ರಲ್ಲಿ ಶವದಹನವನ್ನು ನಿಷೇಧಿಸಿತು. 1963ರಲ್ಲಿ, ನಂಬಿಕೆಯ ನಿರಾಕರಣೆ ಅದರ ಉದ್ದೇಶವಾಗಿರದಿದ್ದರೆ ಸುಡಬಹುದೆಂದು ಅನುಮತಿಸಿತು.

ಲಿಯೋನಿನ ಘಟನೆಯ ಕಾಲದಲ್ಲಿಯೇ ಸೆಲ್ಸಸ್ ಎಂಬ ಗ್ರೀಕ್ ಪಂಡಿತನು ಕ್ರೈಸ್ತರನ್ನು ಖಂಡಿಸಿ ಒಂದು ಗ್ರಂಥ ಬರೆದನು. ಕೊಳೆತ ದೇಹಕ್ಕೆ ಮರಳಲು ಯಾವ ಆತ್ಮ ತಾನೇ ಬಯಸೀತು, ಇದು ಹುಳುಗಳಿಗೆ ತಕ್ಕ ಆಸೆ ಎಂದು ಅವನ ಹಾಸ್ಯ. ದೇವರಿಗೆ ಎಲ್ಲವೂ ಸಾಧ್ಯವೆಂಬುದು ಜಾರಿಕೊಳ್ಳುವ ಮಾತು. ದೇವರು ಪ್ರಕೃತಿಗೆ ವಿರುದ್ಧವಾದುದನ್ನೂ ಹೇಯವಾದುದನ್ನೂ ಮಾಡಲಾರನು ಎಂಬುದು ಅವನ ಗಂಭೀರವಾದ ತರ್ಕ. ಇದಕ್ಕೆ ಅಲೆಕ್ಸಾಂಡ್ರಿಯದ ಒರಿಗೆನನು ಕ್ರಿ. ಶ. 248ರ ಸುಮಾರಿಗೆ ಎಂಟು ಪುಸ್ತಕಗಳ ಉತ್ತರ ಬರೆದನು. ಸೆಲ್ಸಸನ ಮೂಲಗ್ರಂಥವು ಕಳೆದುಹೋಗಿದೆ. ಎದುರಾಳಿಯ ವಾಕ್ಯಗಳನ್ನು ಒಂದೊಂದಾಗಿ ಎತ್ತಿಕೊಟ್ಟು ಒರಿಗೆನನು ಉತ್ತರಿಸಿದುದರಿಂದಲೇ ಅದರ ಬಹುಭಾಗ ನಮಗೆ ದೊರೆಯುತ್ತದೆ. ವಿರೋಧಿಯ ಮಾತನ್ನು ಪ್ರಾಮಾಣಿಕವಾಗಿ ಉದ್ಧರಿಸುವ ವಾದಪದ್ಧತಿಗೆ ಇತಿಹಾಸವು ಋಣಿಯಾಗಿದೆ.

ಒಳಗಿನ ಭೇದಗಳು

ಕ್ರೈಸ್ತರೊಳಗೂ ಒಮ್ಮತವಿರಲಿಲ್ಲ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ದೊರೆತ ಕೋಪ್ಟಿಕ್ ಹಸ್ತಪ್ರತಿಗಳಲ್ಲಿ ರೆಗೀನಸ್ ಎಂಬ ಶಿಷ್ಯನಿಗೆ ಬರೆದ ಪುನರುತ್ಥಾನದ ಪ್ರಕರಣವೊಂದಿದೆ. ಅದರ ಕರ್ತೃವಿನ ಮತದಲ್ಲಿ, ಜ್ಞಾನವನ್ನು ಪಡೆದವನು ಈಗಾಗಲೇ ಎದ್ದವನೇ. ಕಾರ್ಥೇಜಿನ ತೆರ್ತುಲ್ಲಿಯನನು ಇಂಥ ಅಭಿಪ್ರಾಯಗಳನ್ನು ಎದುರಿಸಿ ಮಾಂಸಮಯ ದೇಹದ ಪುನರುತ್ಥಾನವನ್ನು ಸಾಧಿಸಲು ಗ್ರಂಥವನ್ನೇ ಬರೆದನು. ಐದನೆಯ ಶತಮಾನದ ಆರಂಭದಲ್ಲಿ ಪ್ಲೇಟೋವಿನ ಅನುಯಾಯಿಯಾದ ಸಿನೇಸಿಯಸನನ್ನು ಲಿಬಿಯದ ಟಾಲೆಮಾಯಿಸ್ ಪಟ್ಟಣದವರು ಬಿಷಪ್ಪನನ್ನಾಗಿ ಆರಿಸಿದಾಗ, ಪುನರುತ್ಥಾನವನ್ನು ತಾನು ಒಂದು ಪವಿತ್ರ ರಹಸ್ಯವೆಂದು ಭಾವಿಸುತ್ತೇನೆ, ಜನಸಾಮಾನ್ಯರ ಕಲ್ಪನೆಯನ್ನು ಒಪ್ಪಲಾರೆ ಎಂದು ಅವನು ಸಹೋದರನಿಗೆ ಕಾಗದ ಬರೆದು ಮುಂಚಿತವಾಗಿ ತಿಳಿಸಿದನು. ಆದರೂ ಅವನಿಗೆ ದೀಕ್ಷೆಯಾಯಿತು. ಅಗಸ್ಟೀನನು ತನ್ನ 'ದೇವನಗರ'ದ ಕೊನೆಯ ಪುಸ್ತಕದಲ್ಲಿ ಇದೇ ಕಾಲದ ಆಕ್ಷೇಪಗಳಿಗೆಲ್ಲ ಸಾವಧಾನವಾಗಿ ಉತ್ತರಿಸಿದನು. ಕ್ರಿ. ಶ. 381ರ ಕಾನ್‌ಸ್ಟಾಂಟಿನೋಪಲಿನ ಮಹಾಸಭೆಯ ವಿಶ್ವಾಸಪ್ರಮಾಣವು ಸತ್ತವರ ಪುನರುತ್ಥಾನವನ್ನು ಎದುರುನೋಡುತ್ತೇವೆಂದು ಹೇಳಿತೇ ಹೊರತು, ಅದು ಹೇಗೆ ನಡೆಯುವುದೆಂದು ವಿವರಿಸಲು ಹೋಗಲಿಲ್ಲ.

ನಿದ್ರಾಸ್ಥಳ

ವಾದಗಳಿಗಿಂತ ಜನಜೀವನದಲ್ಲಿ ಈ ನಂಬಿಕೆಯು ಮೂಡಿಸಿದ ಗುರುತು ಆಳವಾದುದು. ಕ್ರೈಸ್ತರು ಶ್ಮಶಾನಕ್ಕೆ 'ಕೊಯಿಮೆತೇರಿಯೊನ್', ಎಂದರೆ ಮಲಗುವ ಸ್ಥಳ, ಎಂಬ ಗ್ರೀಕ್ ಹೆಸರನ್ನು ರೂಢಿಗೆ ತಂದರು. ಇಂಗ್ಲಿಷಿನ 'ಸಿಮೆಟರಿ' ಇದರಿಂದಲೇ ಬಂದುದು. ರೋಮಿನಲ್ಲಿ ಹಿಂದೆ ದಾಸನಾಗಿದ್ದ ಕಲ್ಲಿಸ್ತಸ್ ಎಂಬವನಿಗೆ ಸಭೆಯ ಶ್ಮಶಾನದ ಮೇಲ್ವಿಚಾರಣೆ ಕ್ರಿ. ಶ. 199ರ ಸುಮಾರಿಗೆ ಬಂದಿತು. ಮುಂದೆ ಅವನೇ ರೋಮಿನ ಬಿಷಪ್ಪನಾದನು. ಅವನ ಹೆಸರಿನ ನೆಲಮಾಳಿಗೆಗಳ ಗೋಡೆಯಲ್ಲಿ ಸಾಲುಸಾಲಾಗಿ ಕೊರೆದ ಗೂಡುಗಳಲ್ಲಿ ಬಡವರೂ ಮಲಗಿದ್ದಾರೆ. ಮೀನಿನ ಹೊಟ್ಟೆಯಿಂದ ಹೊರಬಂದ ಯೋನ, ಸಮಾಧಿಯಿಂದ ಎದ್ದ ಲಾಜರ, ಸಿಂಹಗಳ ಗವಿಯಲ್ಲಿ ನಿಂತ ದಾನಿಯೇಲ ಇವರ ಚಿತ್ರಗಳೇ ಇಂಥ ನೆಲಮಾಳಿಗೆಗಳಲ್ಲಿ ಮತ್ತೆ ಮತ್ತೆ ಕಾಣುವುವು.

ಇದರ ಬಲವನ್ನು ಒಪ್ಪಿಕೊಂಡ ಸಾಕ್ಷಿಯು ವಿರೋಧಿಯೇ ಆಗಿದ್ದಾನೆ. ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ನೆಲೆಗೊಳಿಸಲು ಯತ್ನಿಸಿದ ಚಕ್ರವರ್ತಿ ಜೂಲಿಯನನು ಕ್ರಿ. ಶ. 362ರಲ್ಲಿ ಗಲಾತ್ಯದ ಅರ್ಚಕನಾದ ಅರ್ಸೇಕಿಯಸನಿಗೆ ಬರೆದ ಕಾಗದದಲ್ಲಿ, ಕ್ರೈಸ್ತರ ಮತವು ಹಬ್ಬಲು ಅಪರಿಚಿತರಿಗೆ ಅವರು ತೋರುವ ಆದರ, ಸತ್ತವರ ಗೋರಿಗಳ ವಿಷಯದಲ್ಲಿ ಅವರ ಕಾಳಜಿ ಮುಂತಾದುವು ಕಾರಣವೆಂದು ಹೇಳಿ, ತನ್ನ ಅರ್ಚಕರೂ ಹಾಗೆ ನಡೆಯಲೆಂದು ವಿಧಿಸಿದನು. ದಿಕ್ಕಿಲ್ಲದವನ ದೇಹಕ್ಕೂ ಒಂದು ಭವಿಷ್ಯವುಂಟೆಂದು ನಂಬಿದವರು ಅದನ್ನು ಬೀದಿಯಲ್ಲಿ ಬಿಡಲಾರದೆ ಹೋದರು.

ಕನ್ನಡದಲ್ಲಿ

ಕನ್ನಡನಾಡಿಗೆ ಈ ನಂಬಿಕೆಯು ಹಲವು ದಾರಿಗಳಿಂದ ಬಂದಿತು. ಹದಿನೇಳನೆಯ ಶತಮಾನದಲ್ಲಿ ಜೆಸುಯಿಟ್ ಪಾದ್ರಿಗಳು ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಗೆ ಬಂದು ಬೈಬಲಿನ ಭಾಷಾಂತರದಲ್ಲಿ ತೊಡಗಿದನು. 1953ರವರೆಗೂ ಆ ಜಿಲ್ಲೆಯಲ್ಲಿಯೇ ಆದವಾನಿಯೂ ರಾಯದುರ್ಗವೂ ಸೇರಿದ್ದುವು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರಲ್ಲಿ ನಿಘಂಟುಕಾರನೆಂದು ಪ್ರಸಿದ್ಧನಾದ ಕಿಟ್ಟೆಲನು 1862ರಲ್ಲಿ 'ಕಥಾಮಾಲೆ'ಯೆಂಬ ಕೃತಿಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಪದ್ಯರೂಪಕ್ಕೆ ತಂದನು.

ಕನ್ನಡ ಬೈಬಲಿನಲ್ಲಿ ನೆಲೆನಿಂತ 'ಪುನರುತ್ಥಾನ'ವೆಂಬ ಪದವನ್ನು ಸ್ವಲ್ಪ ವಿಚಾರಿಸಬೇಕು. 'ಪುನಃ' ಎಂಬ ಮುನ್ನುಡಿಯು ಪುನರ್ಜನ್ಮದ ನೆನಪು ತರುವುದರಿಂದಲೇ ನಮ್ಮ ಜನ ಎರಡನ್ನೂ ಬೆರೆಸುತ್ತಾರೆ. ಆದರೆ 'ಉತ್ಥಾನ'ವು ಬೇರೆಯ ಕಡೆಗೆ ಕೈತೋರಿಸುತ್ತದೆ. ಕಾರ್ತಿಕದ ಉತ್ಥಾನ ದ್ವಾದಶಿಯಂದು ತುಳಸಿಯ ಮುಂದೆ ದೀಪ ಹಚ್ಚುವ ಮನೆಗಳಿಗೆಲ್ಲ ಅದು ವಿಷ್ಣುವು ಯೋಗನಿದ್ರೆಯಿಂದ ಏಳುವ ದಿನವೆಂದು ಗೊತ್ತು. ಉತ್ಥಾನವೆಂದರೆ ಹುಟ್ಟುವುದಲ್ಲ, ಮಲಗಿದ್ದವನು ಏಳುವುದು. ಗ್ರೀಕಿನ ಅನಸ್ತಾಸಿಸ್ ಎಂಬುದಕ್ಕೂ ಎದ್ದು ನಿಲ್ಲುವುದೆಂದೇ ಮೂಲಾರ್ಥ. ಮುಸಲ್ಮಾನರ 'ಕಿಯಾಮತ್' ಎಂಬ ಅರಬ್ಬೀ ಮಾತೂ ನಿಲ್ಲುವುದೆಂಬ ಧಾತುವಿನಿಂದಲೇ ಬಂದುದು. ಯೆಹೂದ್ಯ, ಕ್ರೈಸ್ತ, ಇಸ್ಲಾಂ ಮತಗಳಲ್ಲಿ ಉಳಿದ ಭೇದಗಳು ಎಷ್ಟೇ ಇರಲಿ, ಈ ಒಂದು ನಿರೀಕ್ಷೆಯಲ್ಲಿ ಅವು ಒಂದೇ ಸಾಲಿನಲ್ಲಿವೆ.

ನೀಲಗಿರಿಯಲ್ಲಿ ಈ ನಂಬಿಕೆಯು ಬೇರೊಂದು ನಂಬಿಕೆಯನ್ನು ಮುಖಾಮುಖಿ ಕಂಡಿತು. ಕನ್ನಡಕ್ಕೆ ತೀರ ಹತ್ತಿರವಾದ ನುಡಿಯನ್ನಾಡುವ ಬಡಗರ ನಡುವೆ ಬಾಸೆಲ್ ಮಿಷನ್ನಿನವರು 1846ರಿಂದ ಕೇತಿಯಲ್ಲಿ ನೆಲೆಸಿದರು. ಬಡಗರ ಹಳೆಯ ಶವಸಂಸ್ಕಾರದಲ್ಲಿ ಹಿರಿಯನೊಬ್ಬನು ಸತ್ತವನ ಮತ್ತು ಅವನ ಪೂರ್ವಿಕರ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ. ಗಡಿಕಲ್ಲನ್ನು ಸರಿಸಿದ್ದು, ಹಾವನ್ನು ಕೊಂದದ್ದು ಹೀಗೆ ಪಟ್ಟಿ ಬೆಳೆಯುತ್ತದೆ; ನೆರೆದವರು ಪ್ರತಿಯೊಂದಕ್ಕೂ ಪಾಪವೆಂದು ದನಿಗೂಡಿಸುತ್ತಾರೆ. ಆ ಪಾಪವೆಲ್ಲ ಒಂದು ಕರುವಿನ ಮೇಲೆ ಸೇರಿ, ಕರುವನ್ನು ಬಿಟ್ಟುಬಿಡುತ್ತಾರೆ. ಹಗುರಾದ ಜೀವವು ನೂಲಿನ ಸೇತುವೆಯನ್ನು ದಾಟಬೇಕು. ಮಿಷನ್ನಿನ ಮೆಟ್ಸ್ ಎಂಬ ಪಾದ್ರಿಯೂ, 1871ರಲ್ಲಿ ದಕ್ಷಿಣ ಭಾರತದ ಜನಪದ ಗೀತೆಗಳನ್ನು ಪ್ರಕಟಿಸಿದ ಚಾರ್ಲ್ಸ್ ಗೋವರನೂ ಇದನ್ನು ಬರೆದಿಟ್ಟರು. ಮತಾಂತರಕ್ಕೆಂದು ಬಂದವನ ಬರವಣಿಗೆಯಲ್ಲಿಯೂ ಬಡಗರ ಸಾವಿನ ವಿಧಿಗೆ ಎಡೆ ದೊರೆತುದು ಇತಿಹಾಸದ ಒಂದು ಸ್ವಾರಸ್ಯ. ನ್ಯಾಯ ಮತ್ತು ಪಾಪಗಳ ಲೆಕ್ಕವು ಮರಣದಲ್ಲಿ ಮುಗಿಯಬೇಕೆಂಬ ಹಂಬಲ ಬಡಗರಲ್ಲಿಯೂ ಇತ್ತು, ಮಕ್ಕಬಿಯರ ಕಾಲದ ಯೆಹೂದ್ಯರಲ್ಲಿಯೂ ಇತ್ತು. ಅದನ್ನು ತೀರಿಸುವ ದಾರಿ ಮಾತ್ರ ಬೇರೆ.

ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಎರಡು ವಿಷಯಗಳು ಹೊರಪಡುತ್ತವೆ. ಮೊದಲನೆಯದು, ಪುನರುತ್ಥಾನದ ನಿರೀಕ್ಷೆಯು ಯಾವ ಕಾಲದಲ್ಲಿಯೂ ಎದುರಿಲ್ಲದೆ ಬಾಳಿದುದಲ್ಲ. ಸದ್ದುಕಾಯರ ಪ್ರಶ್ನೆ, ಅಥೇನೆಯವರ ನಗೆ, ಕೊರಿಂಥದವರ ಸಂದೇಹ, ಸೆಲ್ಸಸನ ತರ್ಕ ಇವುಗಳಿಗೆ ಉತ್ತರ ಹೇಳುತ್ತ ಹೇಳುತ್ತಲೇ ಅದು ತನ್ನನ್ನು ತಾನು ಅರಿತುಕೊಂಡಿತು. ನೆರೆಯವನ ಭಿನ್ನಮತವು ಅದಕ್ಕೆ ಕೇಡನ್ನಷ್ಟೇ ತರಲಿಲ್ಲ, ಸ್ಪಷ್ಟತೆಯನ್ನೂ ತಂದಿತು. ಎರಡನೆಯದು, ಎಲ್ಲ ಮತಗಳೂ ಹೇಳುವುದು ಒಂದೇ ಎಂಬ ಸುಲಭವಾದ ಮಾತು ಸೌಜನ್ಯವೆನಿಸಿದರೂ ಇತಿಹಾಸಕ್ಕೆ ಒಪ್ಪುವುದಿಲ್ಲ. ಲಿಂಗೈಕ್ಯ, ವೀರಸ್ವರ್ಗ, ಮೋಕ್ಷ, ಪುನರುತ್ಥಾನ ಇವು ಒಂದೇ ವಸ್ತುವಿನ ನಾಲ್ಕು ಹೆಸರುಗಳಲ್ಲ.

ನಾನಾ ಮತಗಳ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಪಾಠ ಹೇಳುವ ನಮಗೆ ಈ ವಿವೇಕವು ಬಹಳ ಅಗತ್ಯ. ತರಗತಿಯ ಮಗುವೊಂದರ ಮನೆಯಲ್ಲಿ ಸಾವು ಸಂಭವಿಸಿದಾಗ, ಪಕ್ಕದಲ್ಲಿ ಕೂರುವ ಮಗು ಅವರೇಕೆ ಸುಡಲಿಲ್ಲ, ಇವರೇಕೆ ಹೂಳಲಿಲ್ಲ ಎಂದು ಕೇಳಿಯೇ ಕೇಳುತ್ತದೆ. ಆಗ ಎರಡು ನಂಬಿಕೆಗಳನ್ನೂ ಕಲಸಿ ಒಂದು ಮಾಡದೆ, ಒಂದನ್ನು ಹಳಿದು ಇನ್ನೊಂದನ್ನು ಏರಿಸದೆ, ಅವರವರ ಮಾತನ್ನು ಅವರವರು ಹೇಳುವಂತೆಯೇ ತಿಳಿಸಿಕೊಡುವಷ್ಟು ತಿಳಿವಳಿಕೆಯನ್ನು ನಾವು ಸಂಪಾದಿಸಿಕೊಂಡಿರಬೇಕು. ಗಡಿಯಲ್ಲಿ ನಿಂತವರಿಗೆ ಎರಡೂ ಬದಿಯ ಹೊಲಗಳು ಕಾಣುತ್ತವೆ. ಗಡಿಕಲ್ಲನ್ನು ಸರಿಸದೆಯೇ ಎರಡನ್ನೂ ನೋಡಬಹುದು.